ಕೂತು ಮಾಡುವ ನಡಿಗೆ

ಗೆಳೆಯನ ಕೈಗಡಿಯಾರ ಜುಂಯ್ ಅಂತ ನಡುಗಿತು. ನಾವಿಬ್ಬರೂ ಕಾಲುದಾರಿಯ ಪಕ್ಕ, ಮುಂದಕ್ಕೆ ಚಾಚಿದ ಒಂದು ಬಂಡೆಯ ಅಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಣ ಮಣ್ಣು ನೋಡುತ್ತಿದ್ದೆವು. 'ಏನಂತೆ ಅದಕ್ಕೆ?' ಅಂದೆ. 'ಕೂತು ತುಂಬ ಹೊತ್ತಾಯಿತು, ಎದ್ದು ಓಡಾಡು ಅಂತಿದೆ' ಅಂದ. ಅಂದವನು ನಿಜವಾಗಿಯೂ ಎದ್ದುಬಿಟ್ಟ. ಬೆಳಗ್ಗೆಯಿಂದ ಅಲೆಯುತ್ತಿರುವವನಿಗೆ ಓಡಾಡು ಅನ್ನುವ ಯಂತ್ರಕ್ಕೆ ಬುದ್ಧಿ ಇಲ್ಲ, ಒಪ್ಪಿದೆ. ಅದರ ಮಾತು ಕೇಳಿ ಏಳುವವನಿಗೆ?

ನಡಿಗೆಯ ಬಗ್ಗೆ ನನಗೊಂದು ಮುಖ್ಯವಾದ ಮಾತು ಹೇಳುವುದಿದೆ. ಅದಕ್ಕೆ ಮೊದಲು ಈ ಗಡಿಯಾರದ ವಿಚಾರ ಮುಗಿಸಿಬಿಡೋಣ.

ದಿನಕ್ಕೆ 10,000 ಹೆಜ್ಜೆ ಅಂತ ಎಲ್ಲರೂ ಜಪ ಮಾಡುತ್ತಾರಲ್ಲ, ಆ ಲೆಕ್ಕ ಬಂದಿದ್ದು ಯಾವ ಡಾಕ್ಟರ ಚೀಟಿಯಿಂದಲೂ ಅಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಹೆಜ್ಜೆ ಇತ್ತು. ಮಾರಾಟಕ್ಕೆ ಇಟ್ಟ ಹೆಸರು ಆರೋಗ್ಯದ ನಿಯಮವಾಗಿ ಕೂತುಬಿಟ್ಟಿತು. 2019ರಲ್ಲಿ ವಯಸ್ಸಾದ ಹೆಂಗಸರನ್ನು ಗಮನಿಸಿ ಮಾಡಿದ ಅಧ್ಯಯನವೊಂದರಲ್ಲಿ, ಸುಮಾರು 7,500 ಹೆಜ್ಜೆಯ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದನ್ನು ಗೆಳೆಯನಿಗೆ ಹೇಳಿದೆ. 'ಇರಬಹುದು' ಅಂದು ಬಂಡೆಯ ಸುತ್ತ ಗಿರಗಿರ ತಿರುಗತೊಡಗಿದ. ತಿರುಗಲಿ ಬಿಡಿ. ಕುಣಿಗೆ ಮಣ್ಣು ಕೆದರದಿದ್ದರೆ ಸಾಕಾಗಿತ್ತು.

ಕುಣಿ ಅಂದರೆ ಇರುವೆಸಿಂಹದ ಕುಣಿ. ಚಿಕ್ಕವರಿದ್ದಾಗ ನೀವೂ ಕಡ್ಡಿ ಹಾಕಿ ಕೆಣಕಿರುತ್ತೀರಿ, ಅಲ್ವಾ? ಮಳೆ ಬೀಳದ ಕಡೆ, ಮಣ್ಣು ಹಿಟ್ಟಿನಷ್ಟು ನುಣ್ಣಗಿರುವಲ್ಲಿ, ಅಂಗೈಗಿಂತ ಸಣ್ಣದಾದ ಕುಣಿಗಳು ಒಂದರ ಪಕ್ಕ ಒಂದು ಇರುತ್ತವೆ. ಒಂದೊಂದೂ ಅಳತೆ ಹಿಡಿದು ಮಾಡಿಸಿದ ಆಲಿಕೆಯ ಹಾಗೆ. ನಮ್ಮ ಅದೃಷ್ಟಕ್ಕೆ ಅವತ್ತು ಒಂದು ಹುಳ ಹೊಸ ಕುಣಿ ತೋಡುತ್ತಿತ್ತು. ಇದು ನಡೆಯುವುದೇ ಹಿಂದಕ್ಕೆ. ಹಿಂದಕ್ಕೆ ನಡೆಯುತ್ತಲೇ ಮೊದಲು ದುಂಡಗೆ ಒಂದು ಗೆರೆ ಹಾಕಿತು. ಆಮೇಲೆ ಸುತ್ತುತ್ತ ಸುತ್ತುತ್ತ ಒಳಒಳಕ್ಕೆ ಬಂತು. ಹೆಜ್ಜೆಗೊಮ್ಮೆ ತಲೆಯ ಮೇಲೆ ಮಣ್ಣು ತುಂಬಿಕೊಂಡು ಟಪ್ ಅಂತ ಹೊರಗೆ ಚಿಮ್ಮಿಸುತ್ತದೆ. ತಲೆಯೇ ಸಲಿಕೆ. ಮಣ್ಣು ಇನ್ನು ಒಂದು ಕೂದಲೆಳೆ ಕಡಿದಾದರೂ ಜಾರಬೇಕು, ಅಷ್ಟು ಇಳಿಜಾರು ಮಾಡಿ ನಿಲ್ಲಿಸಿತು. ಕೊನೆಗೆ ತಳದಲ್ಲಿ ಮೈ ಹೂತುಕೊಂಡು ಎರಡು ದವಡೆಗಳನ್ನು ಮಾತ್ರ ಹೊರಗೆ ಬಿಟ್ಟುಕೊಂಡಿತು. ಕೆಲಸ ಮುಗಿಯಿತು. ಇನ್ನು ಕಾಯುವುದು.

ಕಾಯುವುದರಲ್ಲಿ ಇದನ್ನು ಮೀರಿಸುವವರಿಲ್ಲ. ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು. ನಾವು ಅಷ್ಟು ಕಾಯಬೇಕಾಗಲಿಲ್ಲ. ಒಂದು ಇರುವೆ ಅಂಚಿಗೆ ಬಂತು. ಕಾಲಡಿಯ ಮಣ್ಣು ಜಾರಿತು. ಇರುವೆ ಹತ್ತಲು ನೋಡಿತು, ಮತ್ತೆ ಜಾರಿತು. ಇನ್ನೇನು ಮೇಲೆ ಬಂದೇಬಿಟ್ಟಿತು ಅನ್ನುವಾಗ ತಳದಿಂದ ಮಣ್ಣಿನ ಏಟು ಶುರು! ಇರುವೆಗೆ ತಾಗಲಿ ಬಿಡಲಿ, ಗೋಡೆಗೆ ತಾಗಿದರೂ ಸಾಕು, ಕುಸಿಯುತ್ತದೆ. ಇರುವೆ ಉರುಳಿ ನೇರ ದವಡೆಗೆ ಬಂತು. ಆ ದವಡೆಗಳ ಒಳಗೆ ಕೊಳವೆ ಇದೆ. ಅದರಿಂದಲೇ ವಿಷ, ಅದರಿಂದಲೇ ಊಟ. ರಸ ಹೀರಿ ಮುಗಿದ ಮೇಲೆ ಖಾಲಿ ಸಿಪ್ಪೆಯನ್ನು ಅದೇ ತಲೆಯಿಂದ ಹೊರಗೆ ಎಸೆಯಿತು. ಕುಣಿಯ ಆಚೆ ಅಂಥ ಸಿಪ್ಪೆಗಳು ಚೆಲ್ಲಿಕೊಂಡಿದ್ದವು.

ಇನ್ನೊಂದು ವಿಷಯ ಇದೆ, ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಬಿಟ್ಟುಬಿಡಿ. ಈ ಹುಳ ಮರಿಯಾಗಿರುವಷ್ಟು ಕಾಲ, ಅಂದರೆ ಕೆಲವೊಮ್ಮೆ ಎರಡು ಮೂರು ವರ್ಷ, ಕಕ್ಕ ಮಾಡುವುದಿಲ್ಲ. ಹೊಟ್ಟೆಯಿಂದ ಹಿಂದಕ್ಕೆ ದಾರಿಯೇ ತೆರೆದಿರುವುದಿಲ್ಲ. ಎಲ್ಲವನ್ನೂ ಒಳಗೇ ಕೂಡಿಟ್ಟುಕೊಂಡು, ಮಣ್ಣಿನ ಉಂಡೆಯಂಥ ಗೂಡು ಕಟ್ಟಿ, ರೆಕ್ಕೆ ಬಂದು ಹೊರಬಿದ್ದ ಮೇಲೆ ಒಂದೇ ಸಲ ಹಾಕಿ ಹಗುರಾಗುತ್ತದೆ. ಹಿಂದಿನ ತುದಿಯಿಂದ ಹೊರಗೆ ಬರುವುದು ಏನಿದ್ದರೂ ಆ ಗೂಡಿನ ರೇಷ್ಮೆ ಎಳೆ. ರೆಕ್ಕೆ ಬಂದದ್ದನ್ನು ನೀವು ನೋಡಿದ್ದೀರಿ. ರಾತ್ರಿ ದೀಪದ ಸುತ್ತ ಏರೋಪ್ಲೇನ್ ಚಿಟ್ಟೆಯ ಥರ ಕಾಣುವ, ಆದರೆ ಸರಿಯಾಗಿ ಹಾರಲೂ ಬಾರದ ಒಂದು ಪೆದ್ದು ಜೀವ ಪಟಪಟ ಅನ್ನುತ್ತಿರುತ್ತದೆ. ಮೀಸೆಯ ತುದಿ ದಪ್ಪಗಿದ್ದರೆ ಅದು ಇದೇ. ಮಣ್ಣಿನಲ್ಲಿ ಅಷ್ಟು ದೊಡ್ಡ ಇಂಜಿನಿಯರ್ ಆಗಿದ್ದದ್ದು ಗಾಳಿಗೆ ಬಂದಾಗ ಹೀಗಾಗುವುದು ನನಗೆ ಯಾಕೋ ಸಮಾಧಾನ ಕೊಡುತ್ತದೆ.

ಗೆಳೆಯ ಅಷ್ಟರಲ್ಲಿ ಸಾಕಷ್ಟು ಹೆಜ್ಜೆ ಸಂಪಾದಿಸಿ ಮತ್ತೆ ಬಂದು ಕೂತಿದ್ದ. ಇರುವೆ ಬಿದ್ದದ್ದು ಅವನಿಗೆ ಸಿಗಲಿಲ್ಲ. 'ಇನ್ನೊಂದು ಇರುವೆ ಹಾಕೋಣ್ವಾ?' ಅಂದ. ನಾನು ಬಿಡಲಿಲ್ಲ.

ಹಾಗೆ ನೋಡಿದರೆ ಗೆಳೆಯ ಎಷ್ಟೋ ವಾಸಿ. ಕೂರುವುದಾದರೂ ಕೂರುತ್ತಾನೆ. ಹಾಡು ಹಾಕಿಕೊಂಡು ಬರುವವರು ಇದ್ದಾರಲ್ಲ, ಕಿವಿಯೊಳಗೆ ಅಲ್ಲ, ಜೇಬಿನಲ್ಲಿ ಜೋರಾಗಿ, ಅವರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಬರೆದರೆ ಅಚ್ಚು ಹಾಕುವ ಹಾಗಿರುವುದಿಲ್ಲ. ಇನ್ನೊಂದು ಜಾತಿಯವರು ಕಂಡದ್ದಕ್ಕೆಲ್ಲ ಫೋನ್ ಹಿಡಿಯುತ್ತಾರೆ. ಫೋನ್ ಹೆಸರು ಹೇಳುತ್ತದೆ, ಇವರು 'ಓ' ಅಂದು ಮುಂದೆ ಹೋಗುತ್ತಾರೆ. ಹೆಸರು ಸಿಕ್ಕಿತು, ಮುಗಿಯಿತು. ಹುಲ್ಲಿನ ಕಡ್ಡಿಯ ಮೇಲೆ ಯಾರೋ ಉಗುಳಿ ಹೋದ ಹಾಗೆ ಬಿಳಿ ನೊರೆ ಇರುತ್ತದೆ. ಅದರ ಹೆಸರು ತಿಳಿಯುವುದಕ್ಕಿಂತ ಅದನ್ನು ಕಡ್ಡಿಯಿಂದ ಮೆಲ್ಲಗೆ ಸರಿಸಿ ನೋಡಬೇಕು. ಒಳಗೆ ಮೆತ್ತನೆಯ ಮರಿ ಹುಳ ಒಂದು ತಲೆ ಕೆಳಗಾಗಿ ಕೂತು ಗಿಡದ ರಸ ಹೀರುತ್ತಿರುತ್ತದೆ. ಹೀರಿದ ನೀರು ಹಿಂದಿನಿಂದ ಹೊರಗೆ ಬರುವಾಗ ಅದಕ್ಕೆ ಗಾಳಿ ಸೇರಿಸಿ ಗುಳ್ಳೆ ಮಾಡುತ್ತದೆ. ಬಿಸಿಲಿಗೆ ಒಣಗದ ಹಾಗೆ, ತಿನ್ನುವವರ ಕಣ್ಣಿಗೆ ಬೀಳದ ಹಾಗೆ ಅದೇ ಅದರ ಮನೆ. ಸರಿಸಿದಿರಾ? ಸ್ವಲ್ಪ ಹೊತ್ತು ಇರಿ, ನಿಮ್ಮ ಎದುರೇ ಮತ್ತೆ ನೊರೆ ಮಾಡಿಕೊಳ್ಳುತ್ತದೆ.

ವಾಪಸ್ ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, 'ಏನಾದ್ರೂ ಕಂಡಿತಾ?' ಏನಾದರೂ ಅಂದರೆ ಹಲ್ಲು, ಕೋರೆ, ಪಟ್ಟೆ ಇರುವಂಥದ್ದು. ಹುಳ ಕಂಡಿತು ಅಂದರೆ ಮುಖ ಸಪ್ಪಗಾಗುತ್ತದೆ. ಅದರಲ್ಲಿ ಯಾರಾದರೊಬ್ಬರು 'ಅದರಿಂದ ಏನು ಉಪಯೋಗ?' ಅಂತ ಕೇಳಿಯೇ ಕೇಳುತ್ತಾರೆ. ಅಂಥವರಿಗೆ ಹೇಳಲು ಒಂದು ಸಿದ್ಧ ಕಥೆ ಇದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿ ಕರೆದುಕೊಂಡು ಆಲ್ಪ್ಸ್ ಬೆಟ್ಟ ಸುತ್ತಿ ಬಂದ. ಬಟ್ಟೆಗೂ ನಾಯಿಯ ಕೂದಲಿಗೂ ಮುಳ್ಳುಕಾಯಿ ಅಂಟಿತ್ತು. ಬೈದುಕೊಂಡು ಕಿತ್ತು ಎಸೆಯದೆ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದ. ಸಣ್ಣ ಸಣ್ಣ ಕೊಕ್ಕೆಗಳು. ವರ್ಷಗಟ್ಟಲೆ ಒದ್ದಾಡಿ 1955ರಲ್ಲಿ ಪೇಟೆಂಟ್ ಪಡೆದ. ನಿಮ್ಮ ಬ್ಯಾಗು, ಚಪ್ಪಲಿಗಳಲ್ಲಿ ಚರ್ರ್ ಅಂತ ಬಿಚ್ಚುವ ವೆಲ್ಕ್ರೋ ಅದೇ. ಈ ಕಥೆ ಹೇಳಿದರೆ ಕೇಳಿದವರು ತಲೆದೂಗುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ರೇಗುತ್ತದೆ. ಲಾಭ ಬಂದದ್ದಕ್ಕೆ ಆ ಮನುಷ್ಯ ನೋಡಿದ್ದು ಸರಿಯಾಯಿತೇ? ಬರದಿದ್ದರೆ ಅವನೂ ನನ್ನ ಥರ ಕೆಲಸವಿಲ್ಲದವನೇ?

ನನ್ನ ಕಾಲುಚೀಲಕ್ಕೆ ಅಂಟಿಕೊಂಡು ಬರುವುದು ಉತ್ತರಾಣಿ. ಅದರ ಉದ್ದನೆಯ ತೆನೆಯನ್ನು ಮೇಲಿಂದ ಕೆಳಕ್ಕೆ ಸವರಿ ನೋಡಿ, ನಯವಾಗಿರುತ್ತದೆ. ಕೆಳಗಿಂದ ಮೇಲಕ್ಕೆ ಸವರಿದರೆ ಚುರುಕ್! ಕಾಯಿಗಳೆಲ್ಲ ಕೆಳಗೆ ಮುಖ ಮಾಡಿ ಕಾಂಡಕ್ಕೆ ಒತ್ತಿಕೊಂಡು, ಯಾವ ಕಾಲು ಉಜ್ಜಿಕೊಂಡು ಹೋಗುತ್ತದೋ ಅಂತ ಕಾಯುತ್ತಿರುತ್ತವೆ. ಇವುಗಳಿಂದ ನನಗೆ ಪೇಟೆಂಟ್ ಬಂದಿಲ್ಲ. ಮೆಟ್ಟಿಲ ಮೇಲೆ ಕೂತು ಒಂದೊಂದೇ ಬಿಡಿಸಿ ಪಕ್ಕಕ್ಕೆ ಎಸೆಯುತ್ತೇನೆ. ಮಳೆ ಬಿದ್ದ ಮೇಲೆ ಅಲ್ಲೇ ಮೊಳೆತು ನಿಲ್ಲುತ್ತವೆ. ಈಗ ಗೇಟಿನವರೆಗೆ ಹೋಗಿ ಬಂದರೂ ಸಾಕು, ಕಾಲುಚೀಲ ತುಂಬುತ್ತದೆ. ಕಿತ್ತು ಹಾಕು ಅಂತ ಮನೆಯಲ್ಲಿ ದಿನಾ ಹೇಳುತ್ತಾರೆ. ಹೂವಿಗೆ ಇರುವೆ ಬರುತ್ತವೆ, ನೋಡುವುದಿದೆ ಅಂತ ಮುಂದೂಡುತ್ತಿದ್ದೇನೆ. ಮೊನ್ನೆ ಪಾರ್ಸೆಲ್ ಕೊಡಲು ಬಂದ ಹುಡುಗನ ಪ್ಯಾಂಟಿಗೆ ಮೊಣಕಾಲಿನವರೆಗೂ ಅಂಟಿದ್ದವು. ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಬೈಕ್ ಹತ್ತಿ ಹೋಗಿಬಿಟ್ಟ.