ಆ ಗಾಜಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಿಗೆ

ನಿನ್ನೆ ರಾತ್ರಿ ಶ್ರೀಲಂಕಾದಿಂದ ವಾಪಸ್ ಬಂದೆ. ಗಾಲೆಯ ಕೋಟೆ, ಕ್ಯಾಂಡಿಯ ಮಳೆ, ಚಹಾ ತೋಟ ಎಲ್ಲದರ ಬಗ್ಗೆ ಬರೆಯುತ್ತೇನೆ ಅಂತ ಕೆಲವರಿಗೆ ಮಾತು ಕೊಟ್ಟಿದ್ದೆ. ಅದೆಲ್ಲ ಆಮೇಲೆ. ಇದನ್ನು ಹೇಳದೆ ನನಗೆ ನಿದ್ದೆ ಬರುವ ಹಾಗಿಲ್ಲ.

ಕೊನೆಯ ದಿನ ನೆಗೊಂಬೊದಲ್ಲಿ ಅರ್ಧ ದಿನ ಉಳಿದಿತ್ತು. ತ್ರೀವೀಲ್ ಹಿಡಿದು ಕಟುವಾಪಿಟಿಯದ ಸೇಂಟ್ ಸೆಬಾಸ್ಟಿಯನ್ ಇಗರ್ಜಿಗೆ ಹೋದೆ. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಬಲಿಪೂಜೆ ನಡೆಯುತ್ತಿದ್ದಾಗಲೇ ಬಾಂಬು ಹೊತ್ತವನು ಹೊಕ್ಕ ಇಗರ್ಜಿ ಅದು. ಅಲ್ಲೊಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಮಾಡಿನ ಹಂಚು ಹಾರಿಹೋಗಿತ್ತು. ಪುನರುತ್ಥಾನದ ಯೇಸುವಿನ ಪ್ರತಿಮೆಗೆ ರಕ್ತ ಸಿಡಿದಿತ್ತು. ಇಗರ್ಜಿಯನ್ನು ಮತ್ತೆ ಕಟ್ಟಿದರು, ಆದರೆ ಆ ಪ್ರತಿಮೆಯನ್ನು ತೊಳೆಯಲಿಲ್ಲ. ಕಲೆಗಳ ಸಮೇತ ಗಾಜಿನೊಳಗೆ ಇಟ್ಟಿದ್ದಾರೆ.

ಒಳಗೆ ಕಾಲಿಟ್ಟಾಗ ಕನ್ನಡ ಕೇಳಿಸಿತು. ಹತ್ತು ದಿನದ ಮೇಲೆ ಕನ್ನಡ ಕಿವಿಗೆ ಬಿದ್ದಾಗ ಆಗುವ ಖುಷಿ ಎಷ್ಟು ಅಂತ ನಿಮಗೆ ಗೊತ್ತು. ಅದು ಅರ್ಧ ನಿಮಿಷವೂ ಉಳಿಯಲಿಲ್ಲ. "ಸ್ವಲ್ಪ ಈ ಕಡೆ ಬಾ, ಗ್ಲಾಸ್ ಹೊಳೀತಿದೆ." "ನಗು, ನಗು." ಐದು ಜನ ಆ ಗಾಜಿಗೆ ಬೆನ್ನು ಹಾಕಿ ಸಾಲಾಗಿ ನಿಂತಿದ್ದಾರೆ. ಅವರಿಂದ ನಾಲ್ಕು ಮಾರು ದೂರದಲ್ಲಿ ಒಬ್ಬ ಅಜ್ಜಿ, ಬಿಳಿ ಬಟ್ಟೆ ತಲೆಗೆ ಹೊದ್ದುಕೊಂಡು ಮೊಣಕಾಲೂರಿದ್ದಾರೆ. ಫೋಟೊಗೆ ಅಡ್ಡ ಬರುತ್ತೇನೇನೋ ಅಂತ ಆ ಅಜ್ಜಿಯೇ ಎದ್ದು ಪಕ್ಕಕ್ಕೆ ಸರಿದರು. ನಾನು ಕಣ್ಣಾರೆ ಕಂಡೆ. ತಮ್ಮ ಊರಿನ ಸತ್ತವರ ಮುಂದಿನಿಂದ, ರಜೆಗೆ ಬಂದ ನಮ್ಮವರಿಗಾಗಿ, ಅವರು ಎದ್ದು ಹೋದರು.

ಈ ಐದು ಜನ ಕೊಲ್ಲೂರಿಗೆ ಹೋಗಿರುವುದಿಲ್ಲವೇ? ಧರ್ಮಸ್ಥಳಕ್ಕೆ? ಅಲ್ಲಿ ಗರ್ಭಗುಡಿಗೆ ಬೆನ್ನು ಹಾಕಿ ನಿಂತು "ನಗು, ನಗು" ಅಂತ ಯಾರಾದರೂ ಅಂದರೆ ಇವರೇ ಮೊದಲು ಗದರಿಸುತ್ತಾರೆ. ಕಾಲು ತೊಳೆದು, ಅಂಗಿ ತೆಗೆದು, ಮಕ್ಕಳ ಬಾಯಿ ಮುಚ್ಚಿಸಿ ಒಳಗೆ ಹೋಗುವ ಜನ ಇವರು. ಹಾಗಾದರೆ ಮರ್ಯಾದೆ ಇವರಿಗೆ ಗೊತ್ತಿಲ್ಲ ಅಂತ ಅಲ್ಲ. ಇಗರ್ಜಿಯನ್ನು ದೇವಸ್ಥಾನ ಅಂತ ಇವರು ಲೆಕ್ಕಕ್ಕೇ ಹಿಡಿದಿಲ್ಲ. ಅದು ಬೀಚಿಗೂ ಶಾಪಿಂಗಿಗೂ ನಡುವೆ ಬರುವ ಒಂದು ಜಾಗ. ನನ್ನ ಸಿಟ್ಟೆಲ್ಲ ಇದೊಂದರ ಮೇಲೆ.

ಪ್ರವಾಸಿಗರು ಬಂದರೆ ತಾನೇ ಆ ದೇಶಕ್ಕೆ ಹೊಟ್ಟೆಗೆ, 2022ರಲ್ಲಿ ಪೆಟ್ರೋಲಿಗೂ ದುಡ್ಡಿಲ್ಲದೆ ಒದ್ದಾಡಿದ ದೇಶ, ನೀನ್ಯಾಕೆ ತಡೀತೀಯ ಅಂತ ಜೊತೆಗಿದ್ದ ಗೆಳತಿ ಕೇಳಿದಳು. ಬರಬೇಡಿ ಅಂತ ನಾನೆಲ್ಲಿ ಹೇಳಿದೆ? ಬನ್ನಿ, ನೂರು ಸಲ ಬನ್ನಿ. ಹೋಟೆಲಿಗೆ ಕೊಟ್ಟ ದುಡ್ಡು ಆ ಅಜ್ಜಿಯನ್ನು ಎಬ್ಬಿಸುವ ಹಕ್ಕನ್ನು ಕೊಡುವುದಿಲ್ಲ, ಅಷ್ಟೇ. ಇಗರ್ಜಿಯವರೇ ಏನೂ ಅನ್ನಲಿಲ್ಲವಲ್ಲ ಅಂತಲೂ ಅಂದಳು. ಮನೆಗೆ ಬಂದ ನೆಂಟರಿಗೆ ಹೇಗೆ ಕೂರಬೇಕು ಅಂತ ಯಾರು ಹೇಳಿಕೊಡುತ್ತಾರೆ?

ಫೋಟೊವೇ ತೆಗೆಯಬಾರದು ಅನ್ನುವ ಹಟ ನನಗಿಲ್ಲ. ಗಾಲೆಯ ಕೋಟೆಯೊಳಗೆ ಡಚ್ಚರು 1755ರಲ್ಲಿ ಕಟ್ಟಿದ ಗ್ರೋಟೆ ಕೆರ್ಕ್ ಅನ್ನುವ ಇಗರ್ಜಿ ಇದೆ. ನೆಲಕ್ಕೆಲ್ಲ ಹಳೆಯ ಗೋರಿಕಲ್ಲುಗಳನ್ನೇ ಹಾಸಿದ್ದಾರೆ. ಅಲ್ಲಿ ನಾನೂ ಮನಸಾರೆ ಫೋಟೊ ತೆಗೆದೆ. ಆದರೆ ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋನಿಯ ಇಗರ್ಜಿಗೆ ಮಂಗಳವಾರ ಹೋದೆವು. ಅದೇ ಈಸ್ಟರಿನ ದಿನ ಅಲ್ಲೂ ಬಾಂಬು ಸಿಡಿದಿತ್ತು. ಕ್ರೈಸ್ತರ ಜೊತೆ ಬೌದ್ಧರು, ಹಿಂದೂಗಳು, ಮುಸಲ್ಮಾನರು ಎಲ್ಲರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಆ ಜನರ ನಡುವೆ ಫೋನ್ ಎತ್ತುವ ಮನಸ್ಸು ಹೇಗೆ ಬರುತ್ತದೆ? ಅಲ್ಲೂ ಎತ್ತಿದವರಿದ್ದರು. ಅಳುತ್ತಿದ್ದ ಒಬ್ಬ ಹೆಂಗಸಿನ ಮುಖಕ್ಕೇ ಹಿಡಿದವನನ್ನು ನೋಡಿದೆ.

ನಾನು ಮಂಗಳೂರು ಹತ್ತಿರದ ಮುಡಿಪಿನ ಕಡೆಯವಳು ಅನ್ನುವುದು ಇಲ್ಲಿರುವ ಹಳೆಯ ಗೆಳೆಯರಿಗೆಲ್ಲ ಗೊತ್ತು. ನಮ್ಮದು ಕ್ರೈಸ್ತರ ಮನೆಯಲ್ಲ. ಆದರೂ ಯಾರಿಗೆ ಜ್ವರ ಬಂದರೂ ಅಮ್ಮ ಬಾಟಲಿ ಹಿಡಿದು ಗುಡ್ಡೆ ಹತ್ತಿ ಪಾದ್ರಿ ಜೋಸೆಫ್ ವಾಜರ ಪುಣ್ಯಕ್ಷೇತ್ರದ ನೀರು ತರುತ್ತಿದ್ದಳು. ಕೊಲ್ಲಲು ಬಂದವರ ನಡುವೆ ಅವರು ಪ್ರಾರ್ಥನೆಗೆ ಕೂತಾಗ ಮೂರು ಚಿಲುಮೆ ಎದ್ದವು ಅಂತ ನಮ್ಮ ಕಡೆ ಕಥೆ. ಗೋವಾದ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿ, ನಮ್ಮ ಕರಾವಳಿಯಲ್ಲಿ ದುಡಿದು, 1687ರಲ್ಲಿ ಆ ಮನುಷ್ಯ ಶ್ರೀಲಂಕಾಕ್ಕೆ ಹೋದರು. ಆಗ ಡಚ್ಚರು ಕಥೋಲಿಕ ಪಾದ್ರಿಗಳನ್ನು ಅಲ್ಲಿಂದ ಓಡಿಸಿದ್ದರು, ಜನ ಅಡಗಿ ಪ್ರಾರ್ಥನೆ ಮಾಡುತ್ತಿದ್ದರು. ವಾಜರು ಹರಕು ಬಟ್ಟೆಯಲ್ಲಿ, ಕೊರಳಲ್ಲಿ ಜಪಮಾಲೆ ಹಾಕಿಕೊಂಡು, ಜಾಫ್ನಾದ ಮನೆಮನೆ ಮುಂದೆ ಭಿಕ್ಷೆಗೆ ನಿಂತರು. ಜಪಮಾಲೆ ಕಂಡು ಯಾರ ಕಣ್ಣು ತುಂಬುತ್ತದೋ ಅವರು ತನ್ನವರು ಅಂತ. ಕ್ಯಾಂಡಿಯಲ್ಲಿ ಪೋರ್ಚುಗೀಸರ ಬೇಹುಗಾರ ಅಂತ ಸೆರೆಯಲ್ಲೂ ಇಟ್ಟರು. ಅದೇ ಊರಲ್ಲಿ 1711ರಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊಗೇ ಬಂದು ಅವರನ್ನು ಸಂತ ಅಂತ ಘೋಷಿಸಿದರು. ಅವರು ಹುಟ್ಟಿದ್ದೂ ಏಪ್ರಿಲ್ 21. ಆ ತಾರೀಕು ನೆನಪಾದಾಗ ಕಟುವಾಪಿಟಿಯದ ಬೆಂಚಿನ ಮೇಲೆ ಕೂತಿದ್ದವಳಿಗೆ ಮೈ ಜುಂ ಅಂದಿತು. ಆ ದ್ವೀಪದಲ್ಲಿ ಪ್ರಾರ್ಥನೆ ಮಾಡುವುದಕ್ಕೆ ಜನ ಪ್ರಾಣ ಒತ್ತೆ ಇಟ್ಟಿದ್ದಾರೆ, ಆಗಲೂ, ಈಗಲೂ.

ಇನ್ನೂ ಒಂದು. ಅದೇ ದಿನ ಕೊಲಂಬೊದ ಹೋಟೆಲಿನಲ್ಲಿ ನಮ್ಮವರೂ ಸತ್ತರು. ಏಪ್ರಿಲ್ 18ರ ಮತದಾನ ಮುಗಿಸಿ, ನಾಲ್ಕು ದಿನ ಸುಧಾರಿಸಿಕೊಂಡು ಬರೋಣ ಅಂತ ಹೋದ ಬೆಂಗಳೂರು, ನೆಲಮಂಗಲ ಕಡೆಯ ಜೆಡಿಎಸ್ ಕಾರ್ಯಕರ್ತರು. ನಮ್ಮ ಹಾಗೆಯೇ ರಜೆಗೆ ಹೋದವರು. ಅವರ ಹೆಣಗಳು ಊರಿಗೆ ಬಂದದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಇಷ್ಟು ಬೇಗ ಮರೆತುಹೋಯಿತೇ?

ಒಪ್ಪಿಕೊಳ್ಳಬೇಕಾದದ್ದು ನನ್ನದೂ ಇದೆ. ಮಂಗಳೂರಿನ ಅಲೋಷಿಯಸ್ ಚಾಪೆಲ್ಲಿಗೆ ನೆಂಟರನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ. ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಬೆರಳು ಮಾಡಿ ತೋರಿಸಿದ್ದೇನೆ, ಜೋರಾಗಿ ಮಾತಾಡಿದ್ದೇನೆ. ಒಂದು ಸಲವೂ ಸುಮ್ಮನೆ ಕೂತಿಲ್ಲ. ಯಾರಾದರೂ ನನಗಾಗಿ ಎದ್ದು ಸರಿದರೋ ಏನೋ, ನಾನು ತಿರುಗಿ ನೋಡಿಲ್ಲ. ಕಟುವಾಪಿಟಿಯದಲ್ಲೂ ಆ ಐದು ಜನರಿಗೆ ಒಂದು ಮಾತು ಹೇಳಬೇಕಿತ್ತು, ಅದೂ ಕನ್ನಡದಲ್ಲೇ. ಗಂಟಲು ಕಟ್ಟಿತು. ಅವರು ಹೋದ ಮೇಲೆ ಅಜ್ಜಿ ಮತ್ತೆ ಬಂದು ಅದೇ ಜಾಗದಲ್ಲಿ ಮೊಣಕಾಲೂರಿದರು. ನಾನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಆ ಫೋಟೊ ಇಷ್ಟರಲ್ಲಿ ಎಲ್ಲೋ ಬಿದ್ದಿರುತ್ತದೆ. ಐದು ಜನ, ಬಣ್ಣಬಣ್ಣದ ಟೀ ಶರ್ಟು, ಹಿಂದೆ ಗಾಜು, ಗಾಜಿನೊಳಗೆ ಯೇಸು. ನಿಮ್ಮ ಕಣ್ಣಿಗೆ ಬಿದ್ದರೆ ಲೈಕ್ ಒತ್ತಬೇಡಿ. ಗುರುತಿನವರಾಗಿದ್ದರೆ ಫೋನ್ ಮಾಡಿ, ಆ ಕಲೆಗಳು ಏನು ಅಂತ ಹೇಳಿ.