ನಕ್ಷೆ ನಮ್ಮದೇ ಮೇಲು, ತೆರೆದು ನೋಡುವವರು ಬೇಕು

ಮಂಡ್ಯ ಜಿಲ್ಲೆಯ ಹಳ್ಳಿಗಳ ಹಳೇ ಗ್ರಾಮ ನಕ್ಷೆ 1:7920 ಅಳತೆಯದು. ನಕ್ಷೆಯ ಒಂದು ಮಿಲಿಮೀಟರು ನೆಲದ ಮೇಲೆ ಸುಮಾರು ಎಂಟು ಮೀಟರು. ನಾನಿರುವ ನ್ಯೂಯಾರ್ಕ್ ರಾಜ್ಯದ ಸಣ್ಣ ಊರುಗಳು ಪರಿಸರದ ಕೆಲಸಕ್ಕೆ ಬಳಸುವ ನಕ್ಷೆಗಳಲ್ಲಿ ಹಲವು 1:24,000 ಅಳತೆಯವು. ಅಲ್ಲಿ ಮಿಲಿಮೀಟರಿಗೆ 24 ಮೀಟರು. ನಮ್ಮದರಲ್ಲಿ ಹಳ್ಳ, ಕಟ್ಟೆ, ಗುಂಡುತೋಪು, ಬಂಡಿದಾರಿ ಎಲ್ಲ ಇದೆ. ದಾಖಲೆಯಲ್ಲಿ ಬಿ ಖರಾಬು, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಎಷ್ಟು ಗುಂಟೆ ಎಂದೂ ಇದೆ. ಆದರೂ ಲೇಔಟ್ ಬಂತೆಂದರೆ ಮೊದಲು ಮುಚ್ಚಿಹೋಗುವುದು ಆ ಹಳ್ಳವೇ.

ಇಂಥ ಜಾಗಗಳನ್ನು ಉಳಿಸಲು ಇಲ್ಲಿ ನ್ಯೂಯಾರ್ಕಿನ ಪದ್ಧತಿ ಹೀಗೆ. ಊರಿನ ಆಡಳಿತ ಮೂರರಿಂದ ಒಂಬತ್ತು ಜನರ ಸಂರಕ್ಷಣಾ ಸಲಹಾ ಸಮಿತಿ ಮಾಡಬಹುದು. ಹಡ್ಸನ್ ನದಿ ಕಣಿವೆಯಲ್ಲಿ ರಾಜ್ಯದ ಪರಿಸರ ಇಲಾಖೆ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ ಇಂಥ ಸಮಿತಿಗಳಿಗೆ ದತ್ತಾಂಶ, ತರಬೇತಿ ಕೊಡುತ್ತವೆ. 2014ರಲ್ಲಿ ಕೈಪಿಡಿಯನ್ನೂ ತಂದವು. ಉದಾಹರಣೆಗೆ, ಇಲ್ಲಿಯ ಕಾಡಿನ ಸಣ್ಣ ಗುಂಡಿಗಳಲ್ಲಿ ನೀರು ಮುಖ್ಯವಾಗಿ ವಸಂತದಲ್ಲಿ. ಬೇಸಿಗೆಗೆ ಒಣಗುವುದರಿಂದ ದೊಡ್ಡ ಪ್ರದೇಶದ ನಕ್ಷೆಗಳಿಗೆ ಅವು ಎಷ್ಟೋ ಸಲ ಸಿಗುವುದಿಲ್ಲ. ಅವನ್ನು ಊರಿನವರೇ ನಡೆದು ಗುರುತಿಸಬೇಕು. ಆಮೇಲೆ ಯಾವುದು ಮೊದಲು ಉಳಿಯಬೇಕೆಂದು ಹೇಳುವುದೂ ಊರೇ, ಪ್ರೊಫೆಸರಲ್ಲ. ಹೀಗೆ ಗುರುತಿಸಿದ ಜಾಗಗಳ ಪಟ್ಟಿಯನ್ನು ಊರಿನ ಆಡಳಿತ ಒಪ್ಪಿ ಸಮಿತಿಯನ್ನು ಮಂಡಳಿಯಾಗಿ ಮಾಡಿದರೆ, ಪಟ್ಟಿಯಲ್ಲಿರುವ ಜಾಗದಲ್ಲಿ ಏನೇ ಕಟ್ಟಲು ಅರ್ಜಿ ಬಂದರೂ ಮಂಡಳಿ 45 ದಿನದೊಳಗೆ ಲಿಖಿತ ವರದಿ ಕೊಡಬೇಕು. ವರದಿ ಬರೀ ಸಲಹೆ, ತಳ್ಳಿಹಾಕಲೂಬಹುದು. ಆದರೆ ಕಡತದಲ್ಲಿ ಉಳಿಯುತ್ತದಲ್ಲ, ನಾಳೆ ಯಾರಾದರೂ ತೆಗೆದು ಕೇಳುತ್ತಾರೆ.

ನಮ್ಮಲ್ಲಿ ಪಂಚಾಯಿತಿಗೊಂದು ಜೀವವೈವಿಧ್ಯ ಸಮಿತಿ, ಜನತಾ ಜೀವವೈವಿಧ್ಯ ದಾಖಲೆ ಇರಬೇಕೆಂಬುದು 2002ರ ಕಾಯ್ದೆ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ ಮೇಲೆ ದೇಶದೆಲ್ಲೆಡೆ ಅವಸರದಲ್ಲಿ ದಾಖಲೆ ತುಂಬಿದರು. ಬೇವು, ಹೊಂಗೆ, ತುಂಬೆ ಎಂದು ಹೆಸರು ಬರೆದರೆ ಪಟ್ಟಿಯಾಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಎಂದು ಬರೆಯದಿದ್ದರೆ ಅದರಿಂದ ಒಂದು ಮರವೂ ಉಳಿಯದು.

ಮಂಡ್ಯದಲ್ಲಿ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ, ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಇರುವಾಗ ಜ್ಞಾನಕ್ಕೇನೂ ಬರವಿಲ್ಲ. ಬರ ಇರುವುದು ಸರಿಯಾದ ಹೊತ್ತಿನಲ್ಲಿ ಹೋಗಿ ನೋಡುವವರಿಗೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಚೌಳು (ಉಪ್ಪೇರಿದ ಮಣ್ಣು) ಎಲ್ಲೆಲ್ಲಿದೆ ಎಂಬುದು ಬೇಸಿಗೆಯಲ್ಲಿ ನಾಲೆ ನಿಂತು ಗದ್ದೆ ಒಣಗಿದಾಗ ಬಿಳಿ ಪೊರೆಯಾಗಿ ಕಾಣುತ್ತದೆ. ಭತ್ತಕ್ಕೆ ನೀರು ನಿಂತಾಗ ಹೋದರೆ ಎಲ್ಲ ಒಂದೇ. ಬಸಿಗಾಲುವೆ ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯಲು ಜೋರು ಮಳೆಯ ಮಾರನೇ ದಿನವೇ ಹೋಗಬೇಕು. ಬಾವಿಯ ನೀರಿನ ಮಟ್ಟ ಮೇನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಅಳೆಯಬೇಕು. ಸೆಮಿಸ್ಟರಿನ ಕೊನೆಗೆ ಎರಡು ದಿನ ಬಂದು ಹೋಗುವ ವಿದ್ಯಾರ್ಥಿಗಳಿಗೆ ಇವು ಯಾವುವೂ ಸಿಗುವುದಿಲ್ಲ.

ಅಳತೆಯಲ್ಲೂ ಒಂದು ತೊಡಕು. ಹಳೇ ಗ್ರಾಮ ನಕ್ಷೆ ಚೈನು ಹಿಡಿದು ಅಳೆದದ್ದು, ಅದಕ್ಕೆ ಅಕ್ಷಾಂಶ ರೇಖಾಂಶಗಳ ಗೊಡವೆಯಿಲ್ಲ. ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಲು ಮೂರು ಊರಿನ ಗಡಿ ಕೂಡುವ ಕಲ್ಲುಗಳು ಬೇಕು. ಅವೇ ಎಷ್ಟೋ ಕಡೆ ಕಿತ್ತುಹೋಗಿವೆ. ಮೊಬೈಲಿನ ಜಿಪಿಎಸ್ ಐದಾರು ಮೀಟರು ಆಚೀಚೆ ತೋರಿಸಿದರೆ ಮೂರು ಮೀಟರಿನ ಹಳ್ಳ ಪಕ್ಕದವನ ಜಮೀನಿಗೆ ಸರಿಯಿತು, ಜಗಳ ಶುರು. ಕಲ್ಲುಗಳ ಜಾಗಕ್ಕಾದರೂ ಸರ್ವೆ ಇಲಾಖೆಯ ನಿಖರ ಉಪಕರಣ ಬೇಕು. ಜೊತೆಗೆ ಕೆರೆಯ ನೀರು ಬಿಡುವ ನೀರುಗಂಟಿಯನ್ನು ಕರೆದುಕೊಂಡು ಹೋಗಬೇಕು: ಕೋಡಿ ಬಿದ್ದರೆ ನೀರು ಯಾವ ಕಡೆ ಹರಿಯುತ್ತದೆ ಎಂಬುದು ಉಪಗ್ರಹಕ್ಕಿಂತ ಅವನಿಗೆ ಚೆನ್ನಾಗಿ ಗೊತ್ತು.

ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾಲಯದ ಕೈಯಲ್ಲೇ ಇದೆ. ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಮಾತ್ರ ನಗರ ಬೆಳೆದಂತೆ ತುಂಡಾಯಿತು. ಕೆರೆ ಒಬ್ಬರದು, ಅದರ ನೀರಿನ ದಾರಿ ಇನ್ಯಾರದೋ ಆದರೆ ಹೀಗೇ ಆಗುವುದು.

1964ರ ಭೂಕಂದಾಯ ಕಾಯ್ದೆಯ ಕಲಂ 95ರಡಿ ಭೂಪರಿವರ್ತನೆಗೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ತರಲು, ಅರ್ಜಿ ಸಾಮಾನ್ಯವಾಗಿ ಹೋಗುವುದು ಜಿಲ್ಲಾಧಿಕಾರಿಗೆ. ಉಳಿಯಬೇಕಾದ ಜಾಗಗಳ ಪಂಚಾಯಿತಿ ಪಟ್ಟಿಯನ್ನು ಸೇರಿಸಬೇಕಾದ್ದು ಆ ಕಡತಕ್ಕೆ. ಪಟ್ಟಿ ಉದ್ದವಿರಬೇಕಾಗಿಲ್ಲ, ಗ್ರಾಮಸಭೆ ಒಪ್ಪಿದ ಹತ್ತು ಸರ್ವೆ ನಂಬರು, ಒಂದೊಂದಕ್ಕೂ ಯಾಕೆಂದು ಎರಡು ಸಾಲು, ಎದುರಿಗೆ ಇಂತಿಷ್ಟು ದಿನದಲ್ಲಿ ಪಂಚಾಯಿತಿ ಬರೆದುಕೊಡಬೇಕಾದ ಅಭಿಪ್ರಾಯಕ್ಕೆ ಜಾಗ.