‘ನಾನು ಸಾಲದು’ ಎಂಬ ಕೊರಗು ಮತ್ತು ಪಾಪನಿವೇದನೆ

‘ನಾನು ಸಾಲದು’ ಎಂದು ಕೊರಗುವ ಕ್ರೈಸ್ತರಿಗೆ ‘ದೇವರು ನಿಮ್ಮನ್ನು ಇದ್ದ ಹಾಗೇ ಪ್ರೀತಿಸುತ್ತಾನೆ ಎಂದು ದಿನಾ ಹೇಳಿಕೊಳ್ಳಿ’ ಎಂದು ಕೊಡುವ ಸಲಹೆ ತಪ್ಪಲ್ಲ. ಆದರೆ ಕೊರಗುವ ಸ್ವಭಾವದವರಿಗೆ ಅದೂ ಒಂದು ಹೊರೆಯಾಗುತ್ತದೆ: ಇವತ್ತು ಹೇಳಿಕೊಳ್ಳಲಿಲ್ಲವಲ್ಲ!

ಮೊದಲು ಬೈಬಲ್ ಓದುವ ಕ್ರಮ ನೋಡಿ. ಅದರಲ್ಲಿರುವ, ಎಫೆಸದವರಿಗೆ ಬರೆದ ಪತ್ರದ 6 ಅಧ್ಯಾಯಗಳಲ್ಲಿ ಮೊದಲ ಮೂರು ದೇವರು ಮಾಡಿದ್ದನ್ನು ಹೇಳುತ್ತವೆ. ‘ಹೀಗೆ ಬಾಳಿರಿ’ ಎಂಬುದು ಮುಖ್ಯವಾಗಿ 4ರಿಂದ. ತಮ್ಮನ್ನೇ ಜರಿದುಕೊಳ್ಳುವವರು ನೇರ 4ಕ್ಕೆ ಹೋಗಿ ತಮಗೇ ಅಂಕ ಹಾಕಿಕೊಳ್ಳುತ್ತಾರೆ. 2ನೇ ಅಧ್ಯಾಯದ 8ರಿಂದ 10ರವರೆಗಿನ ವಚನಗಳನ್ನು ಒಟ್ಟಿಗೆ ಓದಬೇಕು: ರಕ್ಷಣೆ ಕೃಪೆಯಿಂದ, ಸತ್ಕ್ರಿಯೆ ಅದರ ನಂತರ.

ಇನ್ನು ಪಾಪನಿವೇದನೆ, ಅಂದರೆ ಮಾಡಿದ ಪಾಪವನ್ನು ದೇವರ ಮುಂದೆ ಒಪ್ಪಿಕೊಳ್ಳುವುದು. ‘ನಾನು ಕೆಟ್ಟವಳು, ಕ್ಷಮಿಸು’ ಎಂದರೆ ಮನಸ್ಸು ಹಗುರಾಗುವುದಿಲ್ಲ, ಕ್ಷಮಿಸಲು ಅಲ್ಲಿ ನಿರ್ದಿಷ್ಟವಾದದ್ದೇ ಇಲ್ಲ. ‘ಬೆಳಿಗ್ಗೆ ಅತ್ತೆಗೆ ಸುಳ್ಳು ಹೇಳಿದೆ’ ಎನ್ನಿ, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ ಬೈಬಲ್ ವಚನ (1 ಯೋಹಾನ 1:9) ಓದಿ, ಅತ್ತೆಗೆ ನಿಜ ಹೇಳಿ, ಅಲ್ಲಿಗೆ ಮುಗಿಸಿ. ಹುಡುಕಿದರೂ ತಪ್ಪು ಸಿಗದೆ ತಂಗಿಯ ಸಂಬಳ, ಪಕ್ಕದ ಮನೆಯ ಹುಡುಗನ ರ್‍ಯಾಂಕ್ ಮಾತ್ರ ಕಣ್ಣಮುಂದೆ ಬಂದರೆ ಆ ಕೊರಗು ಹೋಲಿಕೆಯಿಂದ ಹುಟ್ಟಿದ್ದು. ಎಷ್ಟು ಸಲ ಕ್ಷಮೆ ಕೇಳಿದರೂ ಹೋಗದು.

1505ರಲ್ಲಿ ಜರ್ಮನಿಯ ಎರ್ಫುರ್ಟ್‌ನ ಮಠ ಸೇರಿದ, ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್‌ಗೆ ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ ಸಮಾಧಾನ ಸಿಗಲಿಲ್ಲ. ಇಂಥವರಿಗೆ ಕ್ಯಾಥೊಲಿಕರಲ್ಲಿ ಹಳೆಯ ಸಲಹೆಯೊಂದಿದೆ: ಪ್ರತಿ ಸಲವೂ ಅದೇ ಗುರುಗಳ (ಪಾದ್ರಿಗಳ) ಬಳಿಗೇ ಹೋಗಿ, ಒಮ್ಮೆ ನಿವೇದಿಸಿದ ಪಾಪವನ್ನು ಮತ್ತೆ ಎತ್ತಬೇಡಿ. ‘ಸರಿಯಾಗಿ ಬರಲಿಲ್ಲ’ ಎಂದು ಅದೇ ಪ್ರಾರ್ಥನೆ ಹತ್ತಾರು ಸಲ ಮಾಡುವಂತಾಗಿದ್ದರೆ ಗೀಳು ಕಾಯಿಲೆಯೂ ಇರಬಹುದು, ಮನೋವೈದ್ಯರನ್ನು ಕಾಣಿ. ವಿಶ್ವಾಸ ಕಡಿಮೆಯಾಗಿ ಹೀಗಾಗಿದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.